ಅರ್ಧ ಮಂಚ

ನಾಲ್ವರಿಗೆಂದು ಕಟ್ಟಿದ ಕೋಣೆಯಲ್ಲಿ ನಾವು ಹನ್ನೊಂದು ಹುಡುಗಿಯರು ಇದ್ದೆವು. ಇದನ್ನು ಹೇಳಿದರೆ ಕೇಳಿದವರು ನಗುತ್ತಾರೆ, ಭಾಳ ಮಜಾ ಇದ್ದಿರಬೇಕಲ್ಲ ಎನ್ನುತ್ತಾರೆ. ಹಾಸ್ಟೆಲ್ಲಿನಲ್ಲಿ ಇದ್ದು ಬಂದವರು ನೌಕರಿ ಸಿಕ್ಕು, ಮನೆ ಕಟ್ಟಿ, ಒಬ್ಬೊಬ್ಬರಿಗೆ ಒಂದೊಂದು ಕೋಣೆ ಆದ ಮೇಲೆ ಆ ದಿನಗಳನ್ನು ನೆನೆದು ಕಣ್ಣು ಒದ್ದೆ ಮಾಡಿಕೊಳ್ಳುವುದನ್ನು ನಾನೂ ನೋಡಿದ್ದೇನೆ. ನನಗೆ ಅಷ್ಟು ದೊಡ್ಡ ಮನಸ್ಸಿಲ್ಲ. ನನಗೆ ನೆನಪಿರುವುದು ಒಣಗದ ಬಟ್ಟೆಯ ವಾಸನೆ, ಬಚ್ಚಲಿನ ಪಾಳಿ, ಮತ್ತು ಆ ಹನ್ನೊಂದರಲ್ಲಿ ನಾನು ಲೆಕ್ಕಕ್ಕೆ ಇರಲಿಲ್ಲ ಎನ್ನುವುದು.

ನಮ್ಮೂರು ಯಾವಗಲ್ಲಿನಿಂದ ಒಳಕ್ಕೆ ಹೋಗುವ ದಾರಿಯಲ್ಲಿದೆ. ಬಸ್ಸು ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು. ಪಿಯುಸಿಯಲ್ಲಿ ಚಲೋ ಅಂಕ ಬಂದವೆಂದು ರೋಣದಲ್ಲಿ ಬಿ.ಎಸ್ಸಿ.ಗೆ ಹೆಸರು ಹಚ್ಚಿದೆವು. ಆದರೆ ಪ್ರ್ಯಾಕ್ಟಿಕಲ್ ಮುಗಿಯುವುದು ಸಂಜೆ. ಅಷ್ಟೊತ್ತಿಗೆ ನಮ್ಮೂರ ಬಸ್ಸು ಹೋಗಿ, ತಿರುಗಿ, ಡಿಪೋ ಸೇರಿರುತ್ತಿತ್ತು. ಆಮೇಲೆ ಯಾವಗಲ್ಲಿನ ತನಕ ಬಂದು, ಯಾವುದಾದರೂ ಟ್ರ್ಯಾಕ್ಟರ್ ಹಾಯುವುದನ್ನು ಕಾಯುತ್ತ ನಿಲ್ಲಬೇಕು. ಹೆಣ್ಣುಹುಡುಗಿ ಹಾಗೆ ದಿನಾ ನಿಲ್ಲಲು ಆಗುವುದಿಲ್ಲ ಎಂದು ಅಪ್ಪ ಮೊದಲೇ ಹೇಳಿದ್ದ. 'ರೋಣದಾಗ ಇರಾಕ ಜಾಗ ಆದ್ರ ಸೈನ್ಸ್ ಓದು, ಇಲ್ಲಾಂದ್ರ ಆರ್ಟ್ಸ್ ತಗೊಂಡು ಮಧ್ಯಾಹ್ನದ ಬಸ್ಸಿಗೆ ಬಾ.' ಮಾತು ಅಷ್ಟೇ, ಮತ್ತೆ ಹೆಚ್ಚು ಕಮ್ಮಿ ಇಲ್ಲ. ಅಂದರೆ ನನ್ನ ಓದು ನಿಂತದ್ದು ನನ್ನ ಅಂಕಗಳ ಮೇಲಲ್ಲ, ಮಲಗಲು ಸಿಗುವ ಜಾಗದ ಮೇಲೆ. ಹಾಸ್ಟೆಲ್ಲಿಗೆ ಆನ್‌ಲೈನಿನಲ್ಲಿ ಅರ್ಜಿ ಹಾಕಿದೆ. ನನ್ನ ಹೆಸರು ಬರಲಿಲ್ಲ.

ಹೆಸರು ಬಂದದ್ದು ಹೊಳೆಮಣ್ಣೂರಿನ ಹುಡುಗಿಯೊಬ್ಬಳದ್ದು. ಕಾಲೇಜಿನಲ್ಲಿ ಫೀ ತುಂಬುವ ಪಾಳಿಯಲ್ಲಿ ನನ್ನ ಮುಂದೆ ನಿಂತವಳು, ನನ್ನದೇ ಕ್ಲಾಸು. ಹೊಳೆ ಬಂದ ವರ್ಷ ಅವರ ಮನೆಯೊಳಗೆ ನೀರು ಹೊಕ್ಕು, ಪುಸ್ತಕ ಒಂದೂ ಉಳಿಯದೆ, ಅವರಿವರ ಪುಸ್ತಕ ಇಸಿದುಕೊಂಡು ಪಿಯುಸಿ ಪಾಸಾದವಳು. ನಾನು ಅಳುವ ಮುಖ ಮಾಡಿಕೊಂಡು ನಿಂತದ್ದನ್ನು ನೋಡಿ ಅವಳೇ ಅಂದಳು: 'ಅಳ್ತಿ ಯಾಕ? ನನ್ನ ಮಂಚದಾಗ ಇಬ್ಬರೂ ಹಿಡಿತೀವಿ, ಬಾ. ಎಲ್ಲಾರೂ ಹಂಗ ಇರ್ತಾರಂತ.'

ಎಲ್ಲರೂ ಹಾಗೆಯೇ ಇದ್ದರು. ಸೀಟು ಸಿಗದ ಹುಡುಗಿ ಸೀಟು ಸಿಕ್ಕವಳ ಜೊತೆಗೆ ಬಂದು ಇರುವುದಕ್ಕೆ ಹಾಸ್ಟೆಲ್ಲಿನಲ್ಲಿ 'ಗೆಸ್ಟ್' ಎನ್ನುತ್ತಿದ್ದರು. ಹೆಸರು ಮಾತ್ರ ದೊಡ್ಡದು. ಗೆಸ್ಟ್ ಆದವಳು ಮೆಸ್ಸಿನಲ್ಲಿ ಉಣ್ಣುವಂತಿಲ್ಲ, ಬಿಸಿನೀರು ಕೇಳುವಂತಿಲ್ಲ, ಜೋರಾಗಿ ಸೀನುವಂತೆಯೂ ಇಲ್ಲ. ಸಂಜೆ ಹಾಜರಿ ತೆಗೆದುಕೊಳ್ಳುವ ಹೊತ್ತಿಗೆ ನಾವು ಗೆಸ್ಟ್‌ಗಳೆಲ್ಲ ಬಕೆಟ್ಟಿನಲ್ಲಿ ಒಂದೊಂದು ಬಟ್ಟೆ ಇಟ್ಟುಕೊಂಡು ಟೆರೇಸಿನ ಮೇಲೆ ನೀರಿನ ಟ್ಯಾಂಕಿನ ಹಿಂದೆ ಕೂರುತ್ತಿದ್ದೆವು. ಒಗೆದ ಬಟ್ಟೆಯನ್ನೇ ಮತ್ತೆ ಮತ್ತೆ ಹಿಂಡುತ್ತಿದ್ದೆವು. ಬೇರೆ ಬೇರೆ ಕೋಣೆಯ ಗೆಸ್ಟ್‌ಗಳ ನಡುವೆ ಮಾತೂ ಕಡಿಮೆ, ಕಳ್ಳರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳದ ಹಾಗೆ.

ಕೋಣೆಯಲ್ಲಿ ನಾಲ್ಕು ಕಬ್ಬಿಣದ ಮಂಚ. ಸರಕಾರವೇ ಎಂಟು ಮಂದಿಯನ್ನು ಹಾಕಿತ್ತು, ಮಂಚಕ್ಕೊಬ್ಬರು, ಉಳಿದವರು ನೆಲಕ್ಕೆ. ಅದರ ಮೇಲೆ ನಾವು ಮೂವರು ಗೆಸ್ಟ್. ಗಜೇಂದ್ರಗಡದ ವ್ಯಾಪಾರಸ್ಥರ ಮನೆಯ ಹುಡುಗಿಯೊಬ್ಬಳು ಮನೆಯಿಂದ ಇಬ್ಬರಿಗಾಗುವಷ್ಟು ದೊಡ್ಡ ಗಾದಿ ತಂದು ನೆಲದ ಅರ್ಧ ಹಿಡಿದಿದ್ದಳು. ಯಾರ ಕಾಲು ಅದಕ್ಕೆ ತಗುಲಿದರೂ ಎದ್ದು ಜಾಡಿಸುತ್ತಿದ್ದಳು. ಫೋನ್ ಚಾರ್ಜ್ ಮಾಡಲು ಇದ್ದದ್ದು ಒಂದೇ ಪ್ಲಗ್ಗು, ಅದಕ್ಕೆ ದಿನಾ ಜಗಳ. ಮಂಚದ ಕೆಳಗೆ ಟ್ರಂಕು, ಟ್ರಂಕಿನ ಮೇಲೆ ಪುಸ್ತಕ, ಪುಸ್ತಕದ ಮೇಲೆ ಯಾರದೋ ಎಣ್ಣೆಬಾಟ್ಲಿ. ಇರುವೆ ಹತ್ತಬಾರದೆಂದು ರೊಟ್ಟಿ ಗಂಟುಗಳನ್ನು ಗೋಡೆಯ ಮೊಳೆಗೆ ತೂಗುಹಾಕುತ್ತಿದ್ದೆವು. ನಡೆಯುವವರ ತಲೆಗೆ ಅವು ಬಡಿಯುತ್ತಿದ್ದವು.

ನಾನು, ಹೊಳೆಮಣ್ಣೂರಿನವಳು ಒಂದೇ ಮಂಚದಲ್ಲಿ ತಲೆ ಕಡೆ ಕಾಲು, ಕಾಲು ಕಡೆ ತಲೆ ಮಾಡಿಕೊಂಡು ಮಲಗುತ್ತಿದ್ದೆವು. ಒಬ್ಬಳು ಮಗ್ಗುಲು ಬದಲಿಸಿದರೆ ಇನ್ನೊಬ್ಬಳೂ ಬದಲಿಸಬೇಕು. ಅವಳ ಕಾಲ ಹಿಮ್ಮಡಿಯ ಒಡಕು ನನಗೆ ಇವತ್ತಿಗೂ ಗುರುತು ಸಿಗುತ್ತದೆ. ಅವಳಿಗೆ ಮೆಸ್ಸಿನ ಅನ್ನ ಸೇರುತ್ತಿರಲಿಲ್ಲ, ಅವಳ ಮನೆಯಿಂದ ರೊಟ್ಟಿ ತಲುಪಿಸುವವರು ಇರಲಿಲ್ಲ. ನಮ್ಮೂರ ಬಸ್ಸಿನಲ್ಲಿ ಎರಡು ದಿನಕ್ಕೊಮ್ಮೆ ನನ್ನ ಬುತ್ತಿ ಬರುತ್ತಿತ್ತು. ಅವ್ವ ಇಬ್ಬರಿಗಾಗುವಷ್ಟು ಬಡಿದು ಕಳಿಸುತ್ತಿದ್ದಳು, ಗುರೆಳ್ಳಿನ ಚಟ್ನಿ ಅವಳಿಗೆ ಸೇರುತ್ತದೆಂದು ಬೇರೆ ಪುಡಿಕೆ ಕಟ್ಟುತ್ತಿದ್ದಳು. ಅವಳ ಮಂಚ, ನಮ್ಮ ರೊಟ್ಟಿ. ಇದರಲ್ಲಿ ಯಾರ ಉಪಕಾರ ಹೆಚ್ಚು ಎಂದು ಆಗ ನಾವು ತೂಗಿ ನೋಡಲಿಲ್ಲ.

ವಾರ್ಡನ್ ಮೇಡಮ್ಮಾರಿಗೆ ಇದೆಲ್ಲ ಗೊತ್ತಿರಲಿಲ್ಲವೇ? ಪೂರ್ತಿ ಗೊತ್ತಿತ್ತು. ಮೆಟ್ಟಿಲು ಹತ್ತುವ ಮೊದಲು ಅವರು ಕೆಳಗೆ ನಿಂತು ಒಮ್ಮೆ ಕೆಮ್ಮುತ್ತಿದ್ದರು. ನಾವು ಬಕೆಟ್ ಎತ್ತಿಕೊಂಡು ಮೇಲಕ್ಕೆ ಓಡುವಷ್ಟು ಹೊತ್ತು ಬಿಟ್ಟು ಹತ್ತುತ್ತಿದ್ದರು. ಒಮ್ಮೆ ನನಗೆ ಜ್ವರ ಬಂದು ಎದ್ದು ಓಡಲು ಆಗಲಿಲ್ಲ. ಅವರು ಬಾಗಿಲಲ್ಲಿ ನಿಂತು, ಚಾವಣಿಯ ಫ್ಯಾನು ನೋಡುತ್ತ, ಗಟ್ಟಿಮುಟ್ಟಾಗಿ ನಿಂತಿದ್ದ ನನ್ನ ಗೆಳತಿಗೆ, 'ನಿನಗ ಆರಾಮಿಲ್ಲ ಕಾಣತೈತಿ, ಗಂಜಿ ಕಳಸ್ತೀನಿ ಕುಡಿ' ಎಂದು ಹೋದರು. ಗಂಜಿ ಬಂತು, ಗುಳಿಗೆಯೂ ಬಂತು, ನಾನು ಕುಡಿದೆ. ಆ ಹಾಸ್ಟೆಲ್ಲು ನಡೆದದ್ದೇ ಹೀಗೆ, ಎಲ್ಲರೂ ಕಂಡೂ ಕಾಣದ ಹಾಗೆ ಇದ್ದುದರಿಂದ.

ನನ್ನ ತಪ್ಪೆಂದು ಯಾರಾದರೂ ಅನ್ನುವುದಿದ್ದರೆ ಅನ್ನಲಿ, ಈ ಗಂಜಿಯ ಸುದ್ದಿಯನ್ನು ನಾನು ಮನೆಯಲ್ಲಿ ಹೇಳಿದೆ. ಯಾವ ಮಗಳು ಹೇಳುವುದಿಲ್ಲ? ಅಪ್ಪ ಕೇಳಿ ಸುಮ್ಮನಿದ್ದ. ಸುಮ್ಮನಿದ್ದ ಎಂದರೆ ಮನಸ್ಸಿನಲ್ಲಿ ಇಟ್ಟುಕೊಂಡ.

ಅಪ್ಪನ ರೂಢಿಯೊಂದನ್ನು ಇಲ್ಲಿ ಹೇಳಲೇಬೇಕು. ಹೊಲ ಕೈಗೆ ಬಂದಾಗ, ಪೇಟೆಗೆ ಕಳಿಸುವುದಕ್ಕೆ ಮೊದಲು, ವರ್ಷವಿಡೀ ನಮ್ಮ ಕೆಲಸಕ್ಕೆ ಒದಗಿದವರಿಗೆಲ್ಲ ಒಂದೊಂದು ಪಾಲು ಹೋಗುತ್ತಿತ್ತು. ಬಡಿಗೇರ, ಕಂಬಾರ, ಕ್ಷೌರದವರು, ಇವರದು ಹಳೆಯ ಕಾಲದಿಂದ ಬಂದ ಆಯ. ಅಪ್ಪ ಅದಕ್ಕೆ ತನಗೆ ತೋಚಿದವರನ್ನೆಲ್ಲ ಸೇರಿಸುತ್ತಿದ್ದ. ದನದ ಡಾಕ್ಟರು, ಬುತ್ತಿ ತಲುಪಿಸುವ ಕಂಡಕ್ಟರು, ಅವ್ವನಿಗೆ ಸೂಜಿ ಮಾಡಿದ ನರ್ಸು. ಕೊಡುವಾಗ ಇನ್ನೊಂದು ಕಟ್ಟು: ಯಾತಕ್ಕೆ ಕೊಡುತ್ತೇನೆ ಎಂಬುದನ್ನು ನಾಲ್ಕು ಮಂದಿಯ ಎದುರು ಬಾಯಿಬಿಟ್ಟು ಹೇಳಬೇಕು. ಸುಮ್ಮನೆ ಕೈಗೆ ಹಾಕಿ ಬಂದರೆ ಅದು ಲಂಚ, ಹೇಳಿ ಕೊಟ್ಟರೆ ಮರ್ಯಾದೆ. ಹೀಗೆ ನಡೆದು ನಡೆದು ಅಪ್ಪನ ಮಾತಿಗೆ ಊರಲ್ಲಿ ಒಂದು ತೂಕ ಬಂದಿತ್ತು. ಬದುವಿನ ಜಗಳ ಬಿದ್ದರೆ, ಕಲ್ಲು ಎಲ್ಲಿತ್ತು ಎಂದು ಅವನನ್ನು ಕರೆದು ಕೇಳುತ್ತಿದ್ದರು. ಅವನು ತೋರಿಸಿದ ಕಡೆ ಕಲ್ಲು ಹುಗಿಯುತ್ತಿದ್ದರು.

ಕಡಲೆಗಿಡದಲ್ಲಿ ಕಾಯಿ ತುಂಬಿಕೊಂಡ ದಿನಗಳು. ಅವತ್ತು ಮಧ್ಯಾಹ್ನ ಪ್ರ್ಯಾಕ್ಟಿಕಲ್ ಇರಲಿಲ್ಲ, ನಾನು ಕೋಣೆಯಲ್ಲಿ ಓದುತ್ತ ಕೂತಿದ್ದೆ. ಮೇಡಮ್ಮಾರು ಕೆಮ್ಮಿ ಎಚ್ಚರಿಸಬೇಕಿತ್ತು. ಆದರೆ ಹಾಸ್ಟೆಲ್ ತಪಾಸಣೆಗೆಂದು ಜಿಲ್ಲೆಯಿಂದ ಸಾಹೇಬರು ಹೇಳದೆ ಕೇಳದೆ ಬಂದುಬಿಟ್ಟಿದ್ದರು. ಅಡುಗೆಮನೆ ನೋಡಿ, ಸಾರು ರುಚಿ ನೋಡಿ, ಪಡಸಾಲೆಯಲ್ಲಿ ಕುರ್ಚಿ ಹಾಕಿಸಿಕೊಂಡು ಚಹಾ ಕುಡಿಯುತ್ತಿದ್ದರು. ಮೇಡಮ್ಮಾರು ಅವರ ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದರು. ಮೇಲೆ ಬರದೆ ಹೋದರೆ ಸಾಕೆಂದು ನಾವೆಲ್ಲ ಮೆಟ್ಟಿಲ ಕಟಕಟೆಯ ಸಂದಿಯಿಂದ ಬಗ್ಗಿ ನೋಡುತ್ತಿದ್ದೆವು. ಸಾಹೇಬರು ಎದ್ದೂ ಆಯಿತು, ಜೀಪಿನವನು ಗಾಡಿಯನ್ನೂ ಚಾಲೂ ಮಾಡಿದ.

ಆಗ ಗೇಟಿನೊಳಗೆ ಅಪ್ಪ ಬಂದ. ಒಗೆದ ಧೋತರ, ಟೊಪ್ಪಿಗೆ, ಹೆಗಲ ಮೇಲೆ ಹಸಿ ಕಡಲೆಗಿಡ ತುಂಬಿದ ಚೀಲ. ಚೀಲವನ್ನು ಮೇಡಮ್ಮಾರ ಪಾದದ ಹತ್ತಿರ ಇಳಿಸಿ, ಕೈಮುಗಿದ. ಕುರ್ಚಿಯ ಹತ್ತಿರ ದೊಡ್ಡ ಮನುಷ್ಯರೊಬ್ಬರು ನಿಂತಿದ್ದಾರೆ, ಅಡುಗೆಯವರು ಇದ್ದಾರೆ, ಜೀಪಿನವನು ಇದ್ದಾನೆ, ಅಂದರೆ ನಾಲ್ಕು ಮಂದಿ ಇದ್ದಾರೆ. ಅಪ್ಪನಿಗೆ ಇದಕ್ಕಿಂತ ಚಲೋ ವೇಳೆ ಸಿಗುವಂತಿರಲಿಲ್ಲ.

'ಅಕ್ಕಾರ, ನಿಮ್ಮ ಉಪಕಾರ ಭಾಳ ಆಗೇತ್ರಿ. ನಮ್ಮ ಹುಡುಗಿ ಹೆಸರು ಬರಲಿಲ್ಲ. ಸೀಟ್ ಇಲ್ಲಾಂದ್ರೂ ನೀವು ನಾಕ ತಿಂಗಳಿಂದ ನಿಮ್ಮ ನೆರಳಾಗ ಇಟ್ಟುಕೊಂಡೀರಿ. ಜಡ್ಡಾದಾಗ ಗಂಜಿ ಕುಡಿಸೀರಿ. ಈ ವರ್ಷದ ಹೊಲದಾಗ ನಿಮ್ಮದೂ ಒಂದು ಪಾಲ್ರಿ.'

ಸಾಹೇಬರು ಮತ್ತೆ ಕುರ್ಚಿಯಲ್ಲಿ ಕೂತರು.

'ಏನ್ ಯಜಮಾನ್ರ, ಯಾವ ರೂಮಿನಾಗ ಅದಾಳ ನಿಮ್ಮ ಮಗಳು?' ಎಂದು ನಗುನಗುತ್ತಲೇ ಕೇಳಿದರು. ಅಪ್ಪ ನಗುನಗುತ್ತಲೇ ಹೇಳಿದ. ಜಾಗ ಇಲ್ಲದಿದ್ದರೂ ಹೊಳೆಮಣ್ಣೂರಿನ ಹುಡುಗಿಯೊಬ್ಬಳು ತನ್ನ ಮಂಚದಲ್ಲೇ ಮಲಗಿಸಿಕೊಳ್ಳುತ್ತಾಳೆ, ಭಾಳ ಚಲೋ ಹುಡುಗಿ ಎಂದೂ ಹೇಳಿದ. ಯಾರ ಉಪಕಾರವನ್ನೂ ಬಿಟ್ಟು ಹೇಳುವ ಮನುಷ್ಯನೇ ಅಲ್ಲ.

ನಮ್ಮಿಬ್ಬರನ್ನೂ ಕೆಳಗೆ ಕರೆಸಿದರು. ಹಿಂದೆ ಹಿಂದೆ ಇಡೀ ಹಾಸ್ಟೆಲ್ಲು ಇಳಿದು ಬಂದು ಗೋಡೆಗೆ ಆತು ನಿಂತಿತು. ಸಾಹೇಬರು ಗೋಡೆಯ ಮೇಲಿನ ನಿಯಮದ ಹಲಗೆಯನ್ನು ಬೆರಳಿನಿಂದ ತೋರಿಸಿದರು. ಹೊರಗಿನವರನ್ನು ಇಟ್ಟುಕೊಂಡವರ ಸೀಟು ರದ್ದು ಎಂದು ಅದರಲ್ಲಿ ಬರೆದಿತ್ತು. ದಿನಾ ಅದರ ಕೆಳಗೇ ನಾವು ಚಪ್ಪಲಿ ಬಿಡುತ್ತಿದ್ದೆವು. 'ಹಂಗಾದ್ರ ಇಬ್ಬರೂ ಗಂಟು ಕಟ್ಟೂದು. ಮೇಡಮ್ಮಾರಿಗೆ ನೋಟಿಸು,' ಎಂದರು. ಆಮೇಲೆ ಗೆಳತಿಯ ಕಡೆ ತಿರುಗಿ, 'ಏನವಾ, ಈ ಹುಡುಗಿ ನಿನ್ನ ಕೂಡ ಇರೂದು ಖರೇನು?'

ಅವಳು ನನ್ನ ಕಡೆ ನೋಡಲಿಲ್ಲ. 'ಇಲ್ರಿ ಸರ್. ನನಗ ಗೊತ್ತಿಲ್ರಿ,' ಅಂದಳು.

ಅವಳ ಮನೆ ಹೊಳೆಯ ದಂಡೆಯಲ್ಲಿದೆ, ಸೀಟು ಹೋದರೆ ಅವಳ ಓದೂ ಹೋಗುತ್ತದೆ, ಹಾಗೆ ಅನ್ನದೆ ಅವಳಿಗೆ ಬೇರೆ ದಾರಿ ಇರಲಿಲ್ಲ. ಇದೆಲ್ಲ ನನಗೆ ಆಗಲೂ ಗೊತ್ತಿತ್ತು, ಈಗಲೂ ಗೊತ್ತಿದೆ. ಗೊತ್ತಿದ್ದ ಮಾತ್ರಕ್ಕೆ ಸಿಟ್ಟು ಇಳಿಯುವುದಿಲ್ಲ. ಅವತ್ತು ಬೆಳಿಗ್ಗೆ ಅವಳು ನಮ್ಮ ಅವ್ವ ಬಡಿದ ರೊಟ್ಟಿಯನ್ನೇ ತಿಂದಿದ್ದಳು.

ಅಪ್ಪನಿಗೆ ಮಾತ್ರ ಏನೂ ತಿಳಿಯಲಿಲ್ಲ. ಹುಡುಗಿ ಹೆದರಿ ತಪ್ಪಿ ಮಾತಾಡಿದ್ದಾಳೆ ಎಂದುಕೊಂಡು, ಮೆತ್ತಗೆ ತಿದ್ದಲು ಹೋದ. 'ಯಾಕವಾ ತಂಗಿ, ಅಂಜಬ್ಯಾಡ. ಒಂದ ಮಂಚದಾಗ ಮಲಗತೀರಲ್ಲ, ಇದ್ದದ್ದ ಇದ್ದಂಗ ಹೇಳು. ಸಾಹೇಬ್ರು ದೊಡ್ಡವರು, ತಿಳಕೋತಾರ.'

ಅವಳು ಅಳಲು ಶುರು ಮಾಡಿದಳು. ಮೇಡಮ್ಮಾರು ನನ್ನನ್ನೇ ನೋಡುತ್ತಿದ್ದರು, ಇಷ್ಟು ದಿನ ಫ್ಯಾನು ನೋಡುತ್ತಿದ್ದವರು. ನನ್ನ ಜಾಗ ಹೋದದ್ದು ಖಾತ್ರಿಯಾಗಿತ್ತು. ಇನ್ನು ಉಳಿಸಬಹುದಾದದ್ದು ಅವಳ ಸೀಟು, ಮೇಡಮ್ಮಾರ ನೌಕರಿ. ನಾನು ಅಂದೆ: 'ಸರ್, ನಮ್ಮ ಅಪ್ಪಗ ಸರಿಯಾಗಿ ಗೊತ್ತಿಲ್ರಿ. ನಾ ದಿನಾ ಬಸ್ಸಿಗೆ ಬಂದು ಹೋಗ್ತೀನಿ. ಹಗಲೊತ್ತು ಓದಾಕಂತ ಅಷ್ಟ ಇಲ್ಲಿ ಕುಂದರ್ತೀನಿ.'

ಅಪ್ಪ ನನ್ನ ಕಡೆ ತಿರುಗಿದ. ನನ್ನ ಮುಖ ನೋಡಿದ, ಮೇಡಮ್ಮಾರನ್ನು ನೋಡಿದ, ಅಳುತ್ತಿದ್ದ ಹುಡುಗಿಯನ್ನು ನೋಡಿದ. ಅವನಿಗೆ ಎಲ್ಲ ತಿಳಿಯಿತು. ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದುಕೊಂಡ.

'ಹೌದ್ರಿ ಸಾಹೇಬ್ರ,' ಅಂದ. 'ದಿನಾ ಮನಿಗೇ ಬರ್ತಾಳ್ರಿ. ನನಗ ವಯಸ್ಸಾತು, ಏನೋ ಒಂದು ಹೋಗಿ ಏನೋ ಒಂದು ಮಾತಾಡಿನಿ. ಹೊಟ್ಯಾಗ ಹಾಕ್ಕೋರಿ.'

ಅಪ್ಪನಿಗೆ ಆಗಿನ್ನೂ ಐವತ್ತು ತುಂಬಿರಲಿಲ್ಲ. ಸಾಹೇಬರು ನಂಬಲಿಲ್ಲ, ನಂಬದೆಯೂ ಬಿಟ್ಟರು, ಯಾಕೆಂದರೆ ನಂಬಿದ ಹಾಗೆ ಮಾಡಿದರೆ ವರದಿ ಬರೆಯುವ ಕೆಲಸ ತಪ್ಪುತ್ತಿತ್ತು. 'ಬಸ್ಸು ಪುಕ್ಕಟೆ ಮಾಡಿಲ್ಲೇನು ಹೆಣ್ಮಕ್ಕಳಿಗೆ? ಬಂದು ಹೋಗಾಕ ಏನ್ ಧಾಡಿ? ಇನ್ನ ಮುಂದ ಈ ಗೇಟಿನೊಳಗ ಕಾಣಬಾರ್ದು,' ಎಂದರು. ಬಸ್ಸು ಪುಕ್ಕಟೆ ಆಗಿತ್ತು, ಖರೆ. ಅದು ಸಂಜೆ ನಮ್ಮೂರಿಗೆ ಹೋಗುವುದಿಲ್ಲ ಎಂಬುದನ್ನು ಅವರು ಕೇಳಲಿಲ್ಲ, ನಾವೂ ಹೇಳಲಿಲ್ಲ. ಹೊರಡುವಾಗ ಕಡಲೆಯ ಚೀಲದ ಕಡೆ ನೋಡಿ, ಅದು ಇಲ್ಲಿ ಇರುವುದು ಬೇಡ, ನಾಳೆ ಮತ್ತೆ ಮಾತು ಬರುತ್ತದೆ ಎಂದರು. ಜೀಪಿನವನು ಎತ್ತಿ ಹಿಂದಿನ ಸೀಟಿಗೆ ಹಾಕಿದ. ಸಾಹೇಬರು ಕೂತ ಮೇಲೆ ಒಂದು ಗಿಡ ಎಳೆದುಕೊಂಡು ಕಾಯಿ ಸುಲಿಯುತ್ತ ಹೋದರು.

ನನ್ನ ಬಟ್ಟೆ, ಪುಸ್ತಕಗಳನ್ನು ಗೆಳತಿಯೇ ತಂದು ಗೇಟಿನ ಹತ್ತಿರ ಇಟ್ಟಳು. ಹಾಸ್ಟೆಲ್ಲಿನ ಹುಡುಗಿಯರು ಇನ್ನೂ ಅಲ್ಲೇ ನಿಂತಿದ್ದರು. ಅವಳು ಏನೋ ಹೇಳಲು ಬಂದಳು, ನಾನು ನಿಲ್ಲಲಿಲ್ಲ. ಮಿಕ್ಕ ಗೆಸ್ಟ್‌ಗಳು ಮರುದಿನ ಬಕೆಟ್ ಹಿಡಿದು ಟೆರೇಸಿಗೆ ಹೋದರಂತೆ, ಮೇಡಮ್ಮಾರು ಮೊದಲಿನ ಹಾಗೆಯೇ ಕೆಮ್ಮಿದರಂತೆ. ಇಡೀ ಹಾಸ್ಟೆಲ್ಲು ಸೇರಿ ಮಾಡಿದ ತಪ್ಪಿಗೆ ಹೊರಗೆ ಬಿದ್ದದ್ದು ನಾನೊಬ್ಬಳು.

ಮಧ್ಯಾಹ್ನದ ಬಸ್ಸು ಹೋಗಿಬಿಟ್ಟಿತ್ತು. ಬೇರೆ ಬಸ್ಸಿನಲ್ಲಿ ಯಾವಗಲ್ಲಿನ ತನಕ ನಿಂತುಕೊಂಡು ಬಂದೆವು. ಅಲ್ಲಿಂದ ಟ್ರ್ಯಾಕ್ಟರ್. ಟ್ರೇಲರಿನಲ್ಲಿ ಗೊಬ್ಬರದ ಚೀಲಗಳ ಮೇಲೆ ಎದುರುಬದುರು ಕೂತಿದ್ದರೂ ಅಪ್ಪ ನನ್ನನ್ನು ನೋಡಲಿಲ್ಲ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು, ನಾನೂ ನಾಲ್ಕು ಮಾತು ಅನ್ನುತ್ತಿದ್ದೆ. ನಿನಗೆ ಯಾರು ಬಾ ಎಂದಿದ್ದರು, ಯಾರು ಹೇಳೆಂದಿದ್ದರು ಎಂದು ಗಂಟಲ ತನಕ ಬಂದಿತ್ತು. ಮನೆಗೆ ಬಂದಾಗ ಅವ್ವ ಗಂಟು ನೋಡಿ ಏನಾಯಿತು ಅಂದಳು. 'ಇಕಿಗೆ ಹಾಸ್ಟೆಲ್ ಒಗ್ಗಲಿಲ್ಲ,' ಎಂದು ಅಪ್ಪ ಕೈಕಾಲು ತೊಳೆಯಲು ಹೋದ. ಆಮೇಲೆ ಊರಲ್ಲಿ ಕೇಳಿದವರಿಗೆಲ್ಲ ಅದನ್ನೇ ಹೇಳಿದ, ಕೇಳದವರಿಗೂ ಹೇಳಿದ. ಇದ್ದದ್ದನ್ನು ಇದ್ದ ಹಾಗೆ ಹೇಳಿ ಗೊತ್ತಿದ್ದವನಿಗೆ ಸುಳ್ಳನ್ನು ಎಷ್ಟು ಹೇಳಿದರೆ ಸಾಕು ಎಂಬುದು ಗೊತ್ತಿರಲಿಲ್ಲ.

ನಾನು ಪ್ರ್ಯಾಕ್ಟಿಕಲ್ ಬಿಟ್ಟು ಬಿಟ್ಟು ಒಂದು ಸೆಮಿಸ್ಟರ್ ಎಳೆದೆ. ಮುಂದಿನ ವರ್ಷ ಆರ್ಟ್ಸಿಗೆ ಸೇರಿ, ಮಧ್ಯಾಹ್ನದ ಬಸ್ಸಿಗೆ ಮನೆಗೆ ಬರತೊಡಗಿದೆ. ಹೆಣ್ಣುಮಕ್ಕಳೇ ತುಂಬಿದ ಆ ಬಸ್ಸಿನಲ್ಲಿಯೂ ಕೂರಲು ಜಾಗ ಇರುತ್ತಿರಲಿಲ್ಲ. ಅಪ್ಪ ರೋಣಕ್ಕೆ ಬರುವುದನ್ನು ಬಿಟ್ಟ, ಬೀಜ ಗೊಬ್ಬರಕ್ಕೆ ನರಗುಂದಕ್ಕೇ ಹೋಗುತ್ತಿದ್ದ.

ಈ ವರ್ಷ ಅವಳು ಫೋನ್ ಮಾಡಿದಳು. ಬಿ.ಎಸ್ಸಿ. ಪಾಸಾಗಿದ್ದಳು, ಧಾರವಾಡದಲ್ಲಿ ಎಂ.ಎಸ್ಸಿ.ಗೆ ಸೀಟು ಸಿಕ್ಕಿತ್ತು. ನಾನು ಬರೇ ಹೂಂ ಅಂದಾಗ, ಅಪ್ಪಾರಿಗೆ ಕೊಡು ಎಂದಳು. ಅಪ್ಪ ಕಟ್ಟೆಯ ಮೇಲೆ ಕೂತು ಹಗ್ಗ ಹೊಸೆಯುತ್ತಿದ್ದ. ಫೋನ್ ಕಿವಿಗೆ ಹಿಡಿದುಕೊಂಡು ಅವಳು ಹೇಳಿದ್ದನ್ನೆಲ್ಲ ಕೇಳಿದ. 'ಚಲೋ ಆತ ಬಿಡವಾ, ಭಾಳ ಚಲೋ ಆತು. ಅಲ್ಲೆ ಇರಾಕ ಜಾಗ ಸರಿ ಐತಿಲ್ಲ?' ಎಂದು ಕೇಳಿದ. ಅವನ ಮುಖ ಅರಳಿದ್ದನ್ನು ನೋಡಿ ನನ್ನ ಮೈ ಉರಿಯಿತು.

ಫೋನ್ ಇಸಿದುಕೊಂಡು ಕಟ್ ಮಾಡಿದೆ. 'ಆಕಿ ಪಾಸಾದ್ರ ನಿನಗ್ಯಾಕ ಇಷ್ಟು ಖುಷಿ? ಆಕಿ ನಮಗೇನಾಗಬೇಕು?' ಅಂದೆ.

'ಹಂಗ ಅನಬ್ಯಾಡ,' ಅಂದ ಅಪ್ಪ. 'ನಾಕ ತಿಂಗಳು ತನ್ನ ಮಂಚದಾಗ ಜಾಗ ಕೊಟ್ಟಾಳ ಆಕಿ ನಿನಗ.'

'ಎಲ್ಲಿ ಕೊಟ್ಟಾಳ?' ಅಂದೆ. 'ನಾ ದಿನಾ ಮನಿಗೇ ಬರ್ತಿದ್ನಿ. ನೀನ ಹೇಳೀಯಲ್ಲ, ಸಾಹೇಬ್ರ ಮುಂದ.'

ಅಪ್ಪ ಹೊಸೆದ ಹಗ್ಗವನ್ನು ಸುತ್ತಿ ಪಕ್ಕಕ್ಕಿಟ್ಟು, ಎದ್ದು ದನದ ಕೊಟ್ಟಿಗೆಗೆ ಹೋದ.